ಕೆಂಪು ಬಲ್ಬು ಬಿಟ್ಟು ಎಲ್ಲಾ ಆಫ್

ಯಾರಾದ್ರೂ ಕೇಳಿದ್ರೆ ನಾನು ಕಂಪ್ಯೂಟರ್ ಎಂಜಿನಿಯರ್ ಅಂತ ಹೇಳ್ಕೋತೀನಿ. ನಿಜ ಹೇಳಬೇಕಂದ್ರೆ ಪ್ಲಗ್ ಕಿತ್ತವರು ಯಾರು ಅಂತ ಪತ್ತೆ ಮಾಡೋದು ನನ್ನ ಕೆಲಸ. ಒಂದು ಕಡೆ ಪತ್ತೆ ಮಾಡಿ ಬೈದು ಬರೋಷ್ಟರಲ್ಲಿ ಇನ್ನೊಂದು ಕಡೆ ಕಿತ್ತಿರ್ತಾರೆ. ಇಂಥವು ನನ್ನ ಪಾಲಿಗೇ ಯಾಕೆ ಬರ್ತಾವೋ ಆ ಭಗವಂತನಿಗೇ ಗೊತ್ತು. ಅವನಿಗೂ ಇದರಲ್ಲಿ ಪಾಲಿದೆ, ಅದನ್ನ ಕೊನೇಲಿ ಹೇಳ್ತೀನಿ.

ನಾವು ಮಾಡೋದು ಅಂಗೈ ಅಗಲದ ಕಂಪ್ಯೂಟರು. ಒಂದೇ ಬೋರ್ಡಿನ ಮೇಲೆ ಎಲ್ಲಾ ಇರುತ್ತೆ, ಮಧ್ಯದಲ್ಲಿ ಮೊಬೈಲ್ ಫೋನಿನ ಜಾತಿಯದೇ ಒಂದು ಆರ್ಮ್ ಚಿಪ್ಪು. ಕಾರ್ಖಾನೆಯ ಮಷೀನಿಗೆ ಕಟ್ಟಿದ್ರೆ ಮೋಟಾರಿನ ಬಿಸಿ ನೋಡ್ತಾ ಕೂತಿರುತ್ತೆ. ಬಿಸಿ ಜಾಸ್ತಿ ಆದ್ರೆ ಯಜಮಾನರ ಫೋನಿಗೆ ಮೆಸೇಜ್ ಕಳಿಸುತ್ತೆ. ತಿನ್ನೋ ಕರೆಂಟು ಒಂದು ಜೀರೋ ಕ್ಯಾಂಡಲ್ ಬಲ್ಬಿನಷ್ಟು. ಆದ್ರೆ ಆ ಅಷ್ಟನ್ನ ಒಂದೇ ಸಮ ಕೊಡಬೇಕು, ನಡುವೆ ಕೈ ಕೊಡಬಾರದು. ಕೇಳೋಕೆ ಎಷ್ಟು ಸುಲಭ ಅನ್ಸುತ್ತೆ ಅಲ್ವಾ? ನನಗೂ ಹಾಗೇ ಅನ್ಸಿತ್ತು.

ಪೀಣ್ಯದಲ್ಲಿ ತಗಡು ಒತ್ತೋ ಒಂದು ಪ್ರೆಸ್ ಶಾಪಿನವರು ಮೊದಲು ಒಂದು ಮಷೀನಿಗೆ ಹಾಕಿ ತೋರಿಸಿ, ಒಂದು ತಿಂಗಳು ನಿಲ್ಲದೆ ಓಡಿದ್ರೆ ಎಲ್ಲಾ ಮಷೀನಿಗೂ ಹಾಕಿಸ್ತೀವಿ ಅಂದರು. ವೈಟ್‌ಫೀಲ್ಡಿನ ನಮ್ಮ ಆಫೀಸಿನಲ್ಲಿ ಬಾಸ್ ನನ್ನನ್ನ ತಮ್ಮ ಕ್ಯಾಬಿನ್ನಿಗೆ ಕರೆದು ಬಾಗಿಲು ಹಾಕಿಸಿದರು. ಈ ಆರ್ಡರ್ ಬರಲಿಲ್ಲ ಅಂದ್ರೆ ಬೋರ್ಡಿನ ವಿಭಾಗ ಮುಚ್ಚಿ ನಿಮ್ಮನ್ನ ಫೋನ್ ಸಪೋರ್ಟಿಗೆ ಹಾಕ್ತೀವಿ ಅಂತ ನಗುನಗುತ್ತಾ ಹೇಳಿದರು. ಫೋನ್ ಸಪೋರ್ಟ್ ಅಂದ್ರೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಆಫ್ ಮಾಡಿ ಆನ್ ಮಾಡಿ ನೋಡಿದ್ರಾ ಸಾರ್ ಅಂತ ಬೆಳಗಿಂದ ಸಂಜೆವರೆಗೆ ಜೇನಿನಂಥ ದನಿಯಲ್ಲಿ ಕೇಳೋದು. ನಿನ್ನ ಬಾಯಿಗೆ ಆ ಕೆಲಸದಲ್ಲಿ ಒಂದು ವಾರವೂ ಉಳಿಯಲ್ಲ ನೀನು ಅಂತ ನನ್ನ ಗಂಡ ಅಂದ. ಸಿಟ್ಟು ಬಂತು, ಯಾಕಂದ್ರೆ ಅವನು ಹೇಳಿದ್ದು ನಿಜ. ಒಟ್ಟಿನಲ್ಲಿ ನನ್ನ ಅನ್ನ ಆ ಅಂಗೈ ಅಗಲದ ಬೋರ್ಡಿನ ಮೇಲೆ ಬಂದು ಕೂತ್ಕೊಂತು.

ಲೈಟು ಉರೀತಾ ಐತಲ್ಲ

ಬೋರ್ಡನ್ನ ಪ್ರೆಸ್ ಮಷೀನಿನ ಪಕ್ಕ ಕೂರಿಸಿ, ಅದಕ್ಕೇ ಅಂತ ಇರೋ ದಪ್ಪ ವೈರಿನ ಅಡಾಪ್ಟರ್ ಹಾಕಿ, ಎಲ್ಲಾ ನೋಡಿಕೊಂಡು ಬಂದೆ. ಮಾರನೇ ದಿನದಿಂದಲೇ ಅದು ಸಾಯೋದು, ತಾನೇ ಎದ್ದು ಕೂರೋದು, ಮತ್ತೆ ಸಾಯೋದು ಶುರು ಮಾಡ್ತು. ಸುಮ್ಮನೆ ಕೂತಿದ್ದಾಗ ಚೆನ್ನಾಗೇ ಇರೋದು. ಕೆಲಸ ಬಂತು ಅಂದ್ರೆ ಮೂರ್ಛೆ. ನಮ್ಮ ಆಫೀಸಿನಲ್ಲೂ ಇಂಥವರು ಇದ್ದಾರೆ, ಆದ್ರೆ ಅವರನ್ನ ರಿಪೇರಿ ಮಾಡೋಕೆ ನನ್ನ ಕಳಿಸಲ್ಲ.

ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಾಯಿಸಿ, ಅಷ್ಟು ದೂರವೂ ನಿಂತುಕೊಂಡೇ ಪೀಣ್ಯ ಸೇರಿದೆ. ನೋಡ್ತೀನಿ, ನನ್ನ ಅಡಾಪ್ಟರ್ ನಾಪತ್ತೆ. ಅದರ ಜಾಗದಲ್ಲಿ ಹಳೇ ಫೋನಿನ ಚಾರ್ಜರು, ಅದಕ್ಕೆ ಶ್ಯಾವಿಗೆಯಷ್ಟು ಸಣ್ಣ ವೈರು. ಸೀದಾ ಯಜಮಾನರ ರೂಮಿಗೆ ಹೋದೆ. ಯಜಮಾನರು ಅಂದ್ರೆ ಆ ಜಾಗದ ಮೂಲ ಒಕ್ಕಲು ಮನೆಯವರು, ತಾತ ರಾಗಿ ಬೆಳೀತಿದ್ದ ಹೊಲದಲ್ಲೇ ಶೆಡ್ಡು ಹಾಕಿ ಪ್ರೆಸ್ ಕೂರಿಸಿದವರು. ಅವರ ಟೇಬಲ್ ಮೇಲೆ ನನ್ನ ಅಡಾಪ್ಟರಿಗೆ ಅವರ ಫೋನು ಹಾಯಾಗಿ ಅಂಟಿಕೊಂಡಿತ್ತು.

ಯಾಕೆ ಬದಲಾಯಿಸಿದ್ರಿ ಅಂತ ಕೇಳಿದೆ. ಎರಡಕ್ಕೂ ತೂತು ಒಂದೇ ಅಳತೆ, ನಿಮ್ಮದ್ರಲ್ಲಿ ಫೋನು ಬಿರ್ರನೆ ಚಾರ್ಜ್ ಆಯ್ತದೆ ಅಂದರು.

"ಬೋರ್ಡಿಗೂ ಕರೆಂಟ್ ಕೊಟ್ಟಿವ್ನಿ ಕಣಮ್ಮ. ಕೆಂಪು ಲೈಟು ಉರೀತಾ ಐತಲ್ಲ, ಇನ್ನೇನ್ ಬೇಕು ಅದಕ್ಕೆ?"

ಲೈಟು ಉರಿಯೋಕೆ ಸ್ವಲ್ಪ ಸಾಕು, ಕೆಲಸ ಮಾಡೋಕೆ ಜಾಸ್ತಿ ಬೇಕು, ಈ ಸಣ್ಣ ವೈರಿನಲ್ಲಿ ವೋಲ್ಟೇಜು ಅರ್ಧ ದಾರೀಲೇ ಸೋರಿಹೋಗುತ್ತೆ ಅಂತ ಬಿಡಿಸಿ ಹೇಳಿದೆ. ಅವರು ತಲೆಯಾಡಿಸ್ತಾ ಪೂರ್ತಿ ಕೇಳಿಸಿಕೊಂಡರು. ನನ್ನ ಫೋನು ಇಷ್ಟರಲ್ಲೇ ಜೀವನ ಮಾಡ್ತಿತ್ತು, ನಿಮ್ಮ ಕಂಪ್ಯೂಟರಿಗೆ ಹೊಟ್ಟೆಬಾಕತನ ಜಾಸ್ತಿ ಅಂತ ತೀರ್ಪು ಕೊಟ್ಟರು.

ಅಡಾಪ್ಟರ್ ವಾಪಸ್ ಹಾಕಿ, ಯಾರೂ ಬಿಚ್ಚದ ಹಾಗೆ ಇನ್ಸುಲೇಷನ್ ಟೇಪು ಸುತ್ತಿದೆ. ಅವರು ಪಕ್ಕದಲ್ಲೇ ನಿಂತು, ಮಗಳನ್ನ ಗಂಡನ ಮನೆಗೆ ಕಳಿಸೋ ಮುಖ ಮಾಡಿಕೊಂಡು ನೋಡಿದರು. ಗೇಟಿನವರೆಗೆ ಬಂದು ಬೀಳ್ಕೊಟ್ಟು, "ಇನ್ನೊಂದ್ಸಲ ಬರೋವಾಗ ಇಂಥದ್ದೇ ಎರಡು ತಗಂಬಾರಮ್ಮ, ನಮ್ಮನೆಯೋಳ ಫೋನೂ ನಿಧಾನ" ಅಂದರು.

ಒಂದು ವ್ಯಾಟಿನ ಉಳಿತಾಯ

ಇತ್ತ ವೈಟ್‌ಫೀಲ್ಡಿನಲ್ಲಿ ನಮ್ಮ ಕಂಪನಿಗೆ ಭೂಮಿ ಉಳಿಸೋ ಹುಕಿ ಬಂತು. ಆ ತಿಂಗಳಿಗೆ ಹಸಿರು ತಿಂಗಳು ಅಂತ ಹೆಸರಿಟ್ಟರು. ಸಂಜೆ ಆರಾದ್ರೆ ನಮ್ಮ ಲ್ಯಾಬಿನ ಪ್ಲಗ್ಗುಗಳಿಗೆ ತಾನಾಗೇ ಕರೆಂಟ್ ಕಟ್. ನಾನು ಟೆಸ್ಟಿಗೆ ಅಂತ ಓಡಿಸಿಟ್ಟ ಬೋರ್ಡುಗಳೆಲ್ಲ ಆರು ಗಂಟೆಗೆ ಸರ್ಕಾರಿ ನೌಕರರ ಥರ ಮನೆಗೆ ಹೋಗ್ತಿದ್ದವು. ಬಾಸ್ ಕ್ಯಾಬಿನ್ನಿಗೆ ಮಾತ್ರ ಈ ನಿಯಮ ಇಲ್ಲ, ಅಲ್ಲಿ ದೇವರ ಪಟದ ಮುಂದೆ ಬಲ್ಬು ಉರೀತಿರುತ್ತೆ.

ಅಷ್ಟಕ್ಕೇ ಸುಮ್ಮನಾದ್ರಾ? ಬೋರ್ಡು ತಿನ್ನೋ ಕರೆಂಟನ್ನೂ ಇಳಿಸೋಣ ಅಂತ ಮೀಟಿಂಗ್ ಕರೆದರು. ಕಿಟಕಿಗೆ ಪರದೆ ಎಳೆದು, ಹಾಡಹಗಲಲ್ಲಿ ಸೀಲಿಂಗಿನ ಲೈಟುಗಳನ್ನೆಲ್ಲ ಹಾಕಿ, ಪ್ರೊಜೆಕ್ಟರ್ ಹಚ್ಚಿ ಕೂತೆವು. ಎಸಿ ಎಷ್ಟು ತಣ್ಣಗಿತ್ತು ಅಂದ್ರೆ ಇಬ್ಬರು ಜರ್ಕಿನ್ ಹಾಕ್ಕೊಂಡು ಬಂದಿದ್ದರು. ಜೀರೋ ಕ್ಯಾಂಡಲ್ ಬಲ್ಬಿನಷ್ಟು ತಿನ್ನೋ ಬೋರ್ಡಿನ ದುಂದುವೆಚ್ಚದ ಬಗ್ಗೆ ಊಟದ ಹೊತ್ತಿನವರೆಗೆ ಮರುಗಿದೆವು. ಮಷೀನು ನಿಂತಿರೋವಾಗ ಬೋರ್ಡನ್ನ ಆಫ್ ಮಾಡಿದ್ರೆ ಹೇಗೆ ಅಂತ ಒಬ್ಬರು ಕೇಳಿದರು. ಮಷೀನು ಶುರುವಾದಾಗ ಅದನ್ನ ಎಬ್ಬಿಸೋರು ಯಾರು ಅಂತ ನಾನು ಕೇಳಿದೆ. ಅದಕ್ಕೆ ಪಕ್ಕದಲ್ಲಿ ಇನ್ನೊಂದು ಬೋರ್ಡು ಇಡೋಣ ಅಂದರು. ಎಲ್ಲರೂ ಬರ್ಕೊಂಡರು.

ಕೊನೆಗೆ ಚಿಪ್ಪಿನ ವೇಗ ಇಳಿಸಿ, ವೋಲ್ಟೇಜನ್ನೂ ಚೂರು ತಗ್ಗಿಸಿ ಅಂತ ಬಾಸ್ ಅಪ್ಪಣೆ ಕೊಡಿಸಿದರು. ಹಾಗೆ ಮಾಡಿದ್ರೆ ಸ್ಥಿರವಾಗಿ ಓಡಲ್ಲ ಸಾರ್ ಅಂದೆ. ಪಾಸಿಟಿವ್ ಆಗಿ ಯೋಚನೆ ಮಾಡಿ ಮೇಡಂ ಅಂದರು. ಪಾಸಿಟಿವ್ ಆಗಿ ಯೋಚಿಸ್ತಾ ಇಳಿಸಿದೆ. ಉಳಿದದ್ದು ಒಂದು ವ್ಯಾಟು. ಅವತ್ತಿಂದ ಬೋರ್ಡು ದಾರಿ ಮಧ್ಯೆ ಕಲ್ಲಿನ ಹಾಗೆ ಕೂತುಬಿಡೋದು, ಮನಸ್ಸು ಬಂದಾಗ ಏಳೋದು. ಪೀಣ್ಯದಿಂದ ಯಜಮಾನರ ಫೋನು ಬಂತು. ಮೋಟಾರು ಬಿಸಿ ಅಂತ ಮೆಸೇಜು ಬಂತು ಕಣಮ್ಮ, ಓಡೋಗಿ ಮುಟ್ಟಿ ನೋಡಿದೆ, ತಣ್ಣಗೈತೆ ಅಂದರು.

"ನಿಮ್ಮ ಕಂಪ್ಯೂಟ್ರು ನೆನ್ನೆ ಜ್ವರಾನ ಇವತ್ತು ಹೇಳ್ತೈತೆ."

ಬಾಸಿಗೆ ತಿಳಿಸದೆ ವೋಲ್ಟೇಜು ಮೊದಲಿನಂತೆ ಏರಿಸಿಬಿಟ್ಟೆ. ಉಳಿಸಿದ ಒಂದು ವ್ಯಾಟಿಗೆ ಕಂಪನಿಯವರು ನನಗೆ ಒಂದು ತುಳಸಿ ಗಿಡ ಕೊಟ್ಟರು.

ಗಾಳಿ ಭಾಗ್ಯ

ಒಂದು ವಾರ ನೆಮ್ಮದಿ. ಆಮೇಲೆ ಬೋರ್ಡು ಮಧ್ಯಾಹ್ನ ಆಗ್ತಿದ್ದ ಹಾಗೆ ಏದುಸಿರು ಬಿಡೋಕೆ ಶುರು ಮಾಡ್ತು. ಈ ಚಿಪ್ಪುಗಳ ಸ್ವಭಾವ ಅದು, ಮೈ ಕಾದ್ರೆ ತಾವೇ ವೇಗ ಇಳಿಸ್ಕೋತಾವೆ, ಇನ್ನೂ ಕಾದ್ರೆ ಮಲಗಿಬಿಡ್ತಾವೆ. ಮತ್ತೆ ಮೆಟ್ರೋ, ಮತ್ತೆ ಪೀಣ್ಯ. ಹೋದ್ರೆ ಬೋರ್ಡೇ ಕಾಣ್ತಿಲ್ಲ. ಇದ್ದ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಟಿಫಿನ್ ಡಬ್ಬಿ, ಮುಚ್ಚಳದ ಸುತ್ತ ರಬ್ಬರ್ ಬ್ಯಾಂಡು. ತೆಗೆದೆ. ಶೇಂಗಾ ಚಟ್ನಿ ಪುಡಿಯ ಘಮಲಿನ ನಡುವೆ ನನ್ನ ಬೋರ್ಡು ಬೇಯ್ತಾ ಇತ್ತು.

ಅದು ಆ ಪ್ರೆಸ್ ನಡೆಸೋ ಆಪರೇಟರ್ ಅಣ್ಣನ ಕೆಲಸ. ಬಾಗಲಕೋಟೆ ಕಡೆಯವರು, ಪಾಪ, ಬಲು ಮೃದು ಮನುಷ್ಯ. ಎಣ್ಣಿ ಸಿಡೀತೈತ್ರಿ, ಕೂಸಿನಂಗ ಐತಿ, ಅದಕ್ಕ ಬೆಚ್ಚಗ ಇಟ್ಟೀನ್ರಿ ಅಂದರು. ಅಷ್ಟು ಪ್ರೀತಿಯಿಂದ ಮಾಡಿದವರನ್ನ ಬೈಯೋಕೆ ನನ್ನಂಥವಳಿಗೂ ಬಾಯಿ ಬರಲಿಲ್ಲ. ಆ ಸಿಟ್ಟನ್ನ ಯಜಮಾನರ ಮೇಲೆ ತೀರಿಸಿಕೊಂಡೆ. ಇದಕ್ಕೆ ಗಾಳಿ ಬೇಕು ಸಾರ್, ಗಾಳಿ ಇಲ್ಲದೆ ಬದುಕಲ್ಲ, ನಿಮ್ಮ ಶೆಡ್ಡು ಒಲೆ ಥರ ಇದೆ ಅಂದೆ.

ಮಾರನೇ ದಿನವೇ ಎದೆಮಟ್ಟದ ಪೆಡೆಸ್ಟಲ್ ಫ್ಯಾನು ಬಂತು. ಆ ಶೆಡ್ಡಿನ ಕೆಲಸಗಾರರು ಎರಡು ಬೇಸಿಗೆಯಿಂದ ಒಂದು ಫ್ಯಾನಿಗೆ ಅಂಗಲಾಚಿದ್ದರಂತೆ. ಮನುಷ್ಯರು ಕೇಳಿದ್ರೆ ಬರದ ಫ್ಯಾನು ಕಂಪ್ಯೂಟರ್ ಕೇಳದೆಯೇ ಬಂತು. ಇತ್ತ ಬಾಸ್, ಪ್ರತಿ ಬೋರ್ಡಿನಿಂದ ಒಂದು ವ್ಯಾಟು ಉಳಿಸಿದ್ದೇವೆ ಅಂತ ಎಲೆಯ ಚಿತ್ರ ಹಾಕಿ ಎಲ್ಲರಿಗೂ ಮೇಲ್ ಕಳಿಸಿದ್ದೂ ಅವತ್ತೇ. ಆ ಫ್ಯಾನು ಹತ್ತು ಬೋರ್ಡಿನ ಕರೆಂಟನ್ನ ಒಂದೇ ಸುತ್ತಿಗೆ ನುಂಗೋವಂಥದ್ದು.

ನಾಚಿಕೆಯಾಗಿ, ಚಿಪ್ಪಿನ ಮೇಲೆ ಶಾಖ ಎಳೆಯೋ ಒಂದು ಅಲ್ಯೂಮಿನಿಯಂ ಬಿಲ್ಲೆ ಅಂಟಿಸೋಕೆ ಹೋದೆ. ಇದು ಅಂಟಿಸಿದ್ರೆ ಫ್ಯಾನ್ ಬೇಕಾಗಿಲ್ಲ ಅಂತ ಹೇಳೋಕೆ ಬಾಯಿ ತೆರೆದೆ, ನೋಡ್ತೀನಿ, ಫ್ಯಾನಿನ ಮುಂದೆ ಇಡೀ ಶೆಡ್ಡೇ ಬುತ್ತಿ ಬಿಚ್ಚಿ ಕೂತಿದೆ. ಬೋರ್ಡು ಒಂದು ಮೂಲೆಯಲ್ಲಿ, ಗಾಳಿಯ ದಾರಿಯಲ್ಲೇ ಇಲ್ಲ. ಆಪರೇಟರ್ ಅಣ್ಣ ಎದ್ದು ಹತ್ತಿರ ಬಂದು, ಯಜಮಾನರ ರೂಮಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಅದರ ಜ್ವರ ಇನ್ನಾ ಪೂರ್ತಿ ಇಳದಿಲ್ಲಂತ ಹೇಳ್ರಿ ಮೇಡಮ್ಮಾರ. ಬ್ಯಾಸಿಗಿ ಮುಗಿಯೂತನಕ ಇಳಿಯೂದಿಲ್ಲಂತ ಹೇಳ್ರಿ."

ಬಿಲ್ಲೆ ಅಂಟಿಸಿದ ಮೇಲೆ ಬೋರ್ಡು ಮಂಜಿನ ಹಾಗೆ ತಣ್ಣಗಾಯ್ತು. ಯಜಮಾನರ ರೂಮಿಗೆ ಹೋಗಿ, ಪರಿಸ್ಥಿತಿ ಗಂಭೀರ, ಫ್ಯಾನು ಒಂದು ಕ್ಷಣವೂ ನಿಲ್ಲಬಾರದು ಅಂತ ಹೇಳಿ ಬಂದೆ.

ಸಂಜೆಯ ನಮಸ್ಕಾರ

ಇನ್ನೇನು ಎಲ್ಲಾ ಸರಿಹೋಯ್ತು ಅನ್ನೋವಾಗ ಶುರುವಾಯ್ತು ನೋಡಿ. ಯಜಮಾನರಿಗೆ ಅವರಪ್ಪನ ಕಾಲದಿಂದ ಬಂದ ಒಂದು ಪದ್ಧತಿ. ಸಂಜೆ ಎಲ್ಲರೂ ಹೋದ ಮೇಲೆ ತಾವೇ ಶೆಡ್ಡು ಸುತ್ತಿ ಒಂದೊಂದು ಸ್ವಿಚ್ಚನ್ನೂ ಕೈಯಾರೆ ಆರಿಸಬೇಕು. ಇಷ್ಟು ದಿನ ಎರಡನೇ ಪಾಳಿ ಇದ್ದದ್ದರಿಂದ ಬಚಾವಾಗಿದ್ದೆ. ಕೆಲಸ ಕಡಿಮೆಯಾಗಿ ಪಾಳಿ ನಿಂತಿತು, ಸುತ್ತಾಟ ಮತ್ತೆ ಶುರುವಾಯ್ತು. ಈ ಬೋರ್ಡನ್ನ ಹೇಳದೆ ಕೇಳದೆ ಆರಿಸಿದ್ರೆ ಅದರ ನೆನಪಿನ ಕಾರ್ಡು ಕೆಡುತ್ತೆ, ಬೆಳಿಗ್ಗೆ ತಾನು ಯಾರು ಅಂತಲೇ ಅದಕ್ಕೆ ಗೊತ್ತಿರಲ್ಲ. ದಿನಾ ಬೆಳಿಗ್ಗೆ ಹೋಗಿ ಹೊಸ ಕಾರ್ಡು ಹಾಕಿದೆ.

ಆಫ್ ಮಾಡಬೇಡಿ ಅಂತ ದಪ್ಪ ಅಕ್ಷರದಲ್ಲಿ ಚೀಟಿ ಅಂಟಿಸಿದೆ. ಚೀಟಿಗೆ ಪೆಟ್ಟಾಗದ ಹಾಗೆ ಜೋಪಾನವಾಗಿ ಆಫ್ ಮಾಡಿದ್ದರು. ಕೇಳಿದ್ರೆ, ಅದು ಕೆಲಸದೋರಿಗೆ ಬರ್ದಿದ್ದು ಅನ್ಕಂಡೆ ಅಂದರು. ಕರೆಂಟೇನು ಪುಗಸಟ್ಟೆ ಬರ್ತದಾ ಅಂತ ನನಗೇ ಪಾಠ ಹೇಳಿದರು.

ಬಾಸಿಗೆ ಸುದ್ದಿ ಮುಟ್ಟಿತು. ತಿಂಗಳ ಲೆಕ್ಕ ಹೊಸದಾಗಿ ಶುರು ಮಾಡಿ, ಇನ್ನೊಂದು ಸಲ ನಿಂತ್ರೆ ಸೋಮವಾರದಿಂದ ನಿಮ್ಮ ಸೀಟು ಸಪೋರ್ಟಿನಲ್ಲಿ, ಹೆಡ್‌ಫೋನ್ ಸೈಜು ಹೇಳಿ ಅಂದರು. ನಿಜಕ್ಕೂ ಕಣ್ಣಲ್ಲಿ ನೀರು ಬಂತು. ಅವತ್ತು ಸಂಜೆ ಪೀಣ್ಯದಲ್ಲೇ ಉಳಿದು, ಯಜಮಾನರ ಹಿಂದೆ ಹಿಂದೆಯೇ ಸುತ್ತಿದೆ. ಎಷ್ಟು ಬೇಡಿಕೊಂಡ್ರೂ ಅವರ ಕೈ ನಿಲ್ಲಲಿಲ್ಲ. ಟಪ್, ಟಪ್ ಅಂತ ಮಷೀನು, ಲೈಟು, ಫ್ಯಾನು, ನನ್ನ ಬೋರ್ಡು, ಎಲ್ಲಾ ಆಫ್. ಬಾಗಿಲ ಹತ್ತಿರ ಬಂದು ಚಪ್ಪಲಿ ಬಿಟ್ಟು, ಗೋಡೆಯ ಮೇಲಿನ ದೇವರ ಪಟಕ್ಕೆ ಕೈ ಮುಗಿದರು. ಪಟದ ಮುಂದೆ ಪುಟ್ಟ ಕೆಂಪು ಬಲ್ಬೊಂದು ಉರೀತಾ ಇತ್ತು. ಅದನ್ನ ಹಾಗೇ ಬಿಟ್ಟು ಬೀಗ ಕೈಗೆ ತಗೊಂಡರು.

ಇದನ್ನ ಆರಿಸಲ್ವಾ ಸಾರ್ ಅಂತ ಕೇಳಿದೆ. ನನ್ನ ಮುಖವನ್ನೇ ನೋಡಿದರು.

"ದೇವ್ರ ದೀಪ ಯಾರಾದ್ರೂ ಆರಿಸ್ತಾರೇನಮ್ಮ?"

ಕರೆಂಟ್ ಹೋದ್ರೆ ಅಂದೆ. ಅದಕ್ಕೇ ಅಂತ ಇನ್ವರ್ಟರ್ ಇಟ್ಟಿದ್ದಾರಂತೆ. ಅವರ ಸ್ವಂತ ರೂಮಿಗೂ ಇನ್ವರ್ಟರ್ ಇಲ್ಲ, ಆ ಬಲ್ಬಿಗಿದೆ. ಇಡೀ ಪೀಣ್ಯ ಕತ್ತಲಾದ್ರೂ ಒಂದೇ ಸಮ, ಯಾರೂ ಮುಟ್ಟದ ಕರೆಂಟು, ನಾನು ಬಂದಾಗಿನಿಂದ ನನ್ನ ತಲೆ ಮೇಲೇ ಉರೀತಿತ್ತು. ಮಾರನೇ ದಿನ ಎಲೆಕ್ಟ್ರಿಷಿಯನ್ನನ್ನ ಕರೆಸಿ, ಆ ಬಲ್ಬಿನ ಹೋಲ್ಡರಿನಿಂದ ಬೋರ್ಡಿಗೆ ಒಂದು ಲೈನು ಎಳೆಸಿದೆ. ದೇವರ ಆಶ್ರಯದಲ್ಲಿರಲಿ ಸಾರ್ ಅಂದೆ, ಯಜಮಾನರು ಸಂತೋಷದಿಂದ ಒಪ್ಪಿ ಬೋರ್ಡಿಗೂ ಒಂದು ಕುಂಕುಮದ ಬೊಟ್ಟು ಇಟ್ಟರು.

ತಿಂಗಳಿಡೀ ಬೋರ್ಡು ಕಣ್ಣು ಮಿಟುಕಿಸಲಿಲ್ಲ. ಆರ್ಡರ್ ಬಂತು, ಒಂದು ಷರತ್ತಿನ ಮೇಲೆ. ಎಲ್ಲಾ ಮಷೀನಿಗೂ ಬೋರ್ಡು ಹಾಕಿ, ಆದ್ರೆ ಪ್ರತಿ ಬೋರ್ಡಿಗೂ ಇಂಥದ್ದೇ ಪಟ, ಬಲ್ಬು ಇರಬೇಕು, ಇಲ್ಲದಿದ್ರೆ ಸಂಜೆ ನನ್ನ ಕೈ ಸುಮ್ಮನಿರಲ್ಲ ಅಂದರು. ನಮ್ಮ ಪರ್ಚೇಸ್ ವಿಭಾಗದವರು ಪಟಕ್ಕೆ ಎಷ್ಟು ವರ್ಷ ವಾರಂಟಿ ಅಂತ ಕೇಳಿದರು. ಮೀಟಿಂಗಿನಲ್ಲಿ ಬಾಸ್ ಹುಬ್ಬು ಗಂಟಿಕ್ಕಿ, ಈ ಬಲ್ಬು ಬೋರ್ಡಿನಷ್ಟೇ ತಿನ್ನುತ್ತಲ್ಲ, ಹಸಿರು ತಿಂಗಳು ಮಾಡಿದ ಕಂಪನಿಗೆ ಚೆನ್ನಾಗಿರಲ್ಲ, ಪಟ ಮಾತ್ರ ಇಟ್ಟು ಬಲ್ಬು ಬಿಟ್ಟುಬಿಡೋಣ ಅಂದರು. ಖಂಡಿತ ಸಾರ್, ಮೊದಲು ನಿಮ್ಮ ಕ್ಯಾಬಿನ್ನಿನದು ಆರಿಸಿ ಶುರು ಮಾಡೋಣ ಅಂದೆ. ಅವರು ಕನ್ನಡಕ ಒರೆಸಿಕೊಂಡು ಮುಂದಿನ ವಿಷಯಕ್ಕೆ ಹೋದರು.

ಬೋರ್ಡಿನ ವಿಭಾಗ ಉಳಿಯಿತು, ನಾನೂ ಉಳಿದೆ. ಲ್ಯಾಬಿಗೆ ಈಗಲೂ ಆರು ಗಂಟೆಗೆ ಕರೆಂಟ್ ಕಟ್, ಆದ್ರೂ ನನ್ನ ಟೆಸ್ಟ್ ಬೋರ್ಡುಗಳು ಮಾತ್ರ ನಿಲ್ಲೋದೇ ಇಲ್ಲ. ಹೇಗೆ ಅಂತ ಬಾಸ್ ಆಶ್ಚರ್ಯಪಡ್ತಾರೆ. ದಿನಾ ಬೆಳಿಗ್ಗೆ ಕ್ಯಾಬಿನ್ನಿಗೆ ಬಂದು ಭಕ್ತಿಯಿಂದ ಕಣ್ಣು ಮುಚ್ಚಿ ಕೈ ಮುಗೀತಾರೆ. ಕಣ್ಣು ಬಿಟ್ಟು ಕೈ ಮುಗಿದಿದ್ರೆ ಪಟದ ಹಿಂದಿನಿಂದ ಲ್ಯಾಬಿನ ನನ್ನ ಟೇಬಲ್ಲಿಗೆ ಬಂದಿರೋ ವೈರು ಕಾಣ್ತಿತ್ತು.