ಮಾರ್ಲಾಮಿ ಎಡೆಗೆ ಓವನ್ನಿನ ಪಕ್ಕೆಲುಬು

ಯಾವುದಾದರೂ ಒಂದು ಕೆಲಸವನ್ನು ಯಾರಿಗೂ ಗೊತ್ತಾಗದ ಹಾಗೆ ಮಾಡಿ ಮುಗಿಸಬೇಕೆಂದು ನಾನು ಹೊರಟಾಗಲೆಲ್ಲ ಅದನ್ನು ನೋಡಲು ಜನ ಸೇರುತ್ತಾರೆ. ಇಪ್ಪತ್ತಾರು ವರ್ಷದಿಂದ ಪಾವಗಡ, ಕೊರಟಗೆರೆ, ಈಗ ಮಧುಗಿರಿ ಎಂದು ವಿಜ್ಞಾನದ ಮೇಷ್ಟ್ರಾಗಿದ್ದೇನೆ. ಇಷ್ಟು ಹೊತ್ತಿಗೆ ಅಭ್ಯಾಸವಾಗಬೇಕಿತ್ತು. ಆಗಿಲ್ಲ.

ಈ ಸಲದ ಕೆಲಸ ಇದು. ನನ್ನ ಹೆಂಡತಿ ಕಳೆದ ಮಾಘದಲ್ಲಿ ತೀರಿಕೊಂಡಳು. ಮಹಾಲಯ ಅಮಾವಾಸ್ಯೆಗೆ, ನಮ್ಮ ಬಾಯಲ್ಲಿ ಮಾರ್ಲಾಮಿಗೆ, ತೀರಿಕೊಂಡವರಿಗೆ ಇಷ್ಟವಾದದ್ದನ್ನು ಬೇಯಿಸಿ ಎಡೆ ಇಟ್ಟು, ಬಾಗಿಲು ಮುಚ್ಚಿ, ಅವರು ಉಂಡು ಹೋಗಲಿ ಎಂದು ಹೊರಗೆ ಕಾಯುವುದು ನಮ್ಮ ಮನೆಯ ರೂಢಿ. ಅವಳಿಗೆ ಇಷ್ಟವಾಗಿದ್ದದ್ದು ಹಂದಿಯ ಪಕ್ಕೆಲುಬು. ಅದೂ ಫೋನಿನಲ್ಲಿ ನೋಡಿ ತಾನೇ ಕಲಿತು ಓವನ್ನಿನಲ್ಲಿ ಮಾಡುತ್ತಿದ್ದದ್ದು: ಮೇಲೆ ಸಿಹಿ, ಹುಳಿ, ಖಾರದ ಗೊಜ್ಜು, ಒಳಗೆ ಮುಟ್ಟಿದರೆ ಮೂಳೆ ಬಿಡುವಷ್ಟು ಮೆತ್ತಗೆ. ಹೇಗೆ ಮಾಡುತ್ತಿದ್ದಳೆಂದು ಎಲ್ಲೂ ಬರೆದಿಟ್ಟಿಲ್ಲ. ನಾನು ಕೇಳಿಯೂ ಇಲ್ಲ. ಅವಳು ಮಾಡುವಾಗ ನಾನು ಒಳಗೆ ಉತ್ತರ ಪತ್ರಿಕೆ ತಿದ್ದುತ್ತಿದ್ದೆ.

"ಹೊಸ ಎಡೆ ಕಣ್ಲಾ," ಎಂದಳು ಅವ್ವ. "ಮೊದಲ್ನೇ ಸಲ ಬರ್ತಾಳೆ. ಬಾಯಿಗೆ ಹಿಡೀಲಿಲ್ಲ ಅಂದ್ರೆ ಮುಂದಿನ ವರ್ಷ ಬರಾಕಿಲ್ಲ."

ಇದನ್ನು ನಾನು ನಂಬುತ್ತೇನೆಯೇ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಎಡೆಗೆಂದು ಮಾಡಿದ್ದನ್ನು ಮೊದಲೇ ರುಚಿ ನೋಡುವ ಹಾಗಿಲ್ಲ. ಆದ್ದರಿಂದ ಅಮಾವಾಸ್ಯೆಗೆ ಮುಂಚಿನ ಮೂರು ಭಾನುವಾರ ಅಭ್ಯಾಸ ಮಾಡುವುದೆಂದು ತೀರ್ಮಾನಿಸಿದೆ.

೧. ಹದಿನಾಲ್ಕು ಜೊತೆ

ಪಾವಗಡ ರಸ್ತೆಯಲ್ಲಿ ಒಂದು ಹಂದಿ ಮಾಂಸದ ಅಂಗಡಿ ಇದೆ. ಮೊದಲ ಭಾನುವಾರ ಬೆಳಿಗ್ಗೆ ಹೋಗಿ, "ಪಕ್ಕೆಲುಬಿನ ಭಾಗ ಬೇಕು, ಕತ್ತರಿಸದೆ ಇಡಿಯಾಗಿ..." ಎನ್ನುವಷ್ಟರಲ್ಲಿ ಅಂಗಡಿಯವನ ಕತ್ತಿ ಆರು ಸಲ ಬಿದ್ದಿತ್ತು. ಎದುರಿಗೆ ಸಾರಿನ ತುಂಡುಗಳು.

"ಇಡಿಯಾಗಿ ಬೇಕಿತ್ತು," ಎಂದೆ.

"ಇಡೀದಾ? ಹಾರ್ಮೋನಿಯಂ ತರನಾ?" ಎಂದು ತಲೆ ಎತ್ತಿದವನು ನನ್ನ ಮುಖ ನೋಡಿ ಕತ್ತಿ ಕೆಳಗಿಟ್ಟ. "ಏಂ ಸಾರೂ, ನೀವಾ! ನಾನು ನಿಮ್ ಸ್ಟೂಡೆಂಟು. ಪಾವಗಡದಲ್ಲಿ, ಎಂಟನೇ ಕ್ಲಾಸು. ಕಿಟಕಿ ಪಕ್ಕ ಕೂತ್ಕೊಂತಿದ್ದೆ."

ನನಗೆ ನೆನಪಾಗಲಿಲ್ಲ. ನೆನಪಾದವನಂತೆ ತಲೆಯಾಡಿಸಿದೆ. ಅವನು ಒಳಗಿನಿಂದ ಇನ್ನೊಂದು ಪಕ್ಕೆಯನ್ನು ಹಲಗೆಯಂತೆ ಇಡಿಯಾಗಿ ತಂದು ನನ್ನ ಮುಂದಿಟ್ಟ.

"ಎಣ್ಸಿ ಸಾರ್."

"ಯಾಕಪ್ಪ?"

"ಎಣ್ಸಿ. ಚೂಡಂಡಿ, ನೋಡಿ, ನಾನೇ ತೋರಿಸ್ತೀನಿ."

ಬೆರಳಿಟ್ಟು ಒಂದೊಂದಾಗಿ ಎಣಿಸಿದೆವು. ಹದಿನಾಲ್ಕು ಬಂತು.

"ಒಂದು ಕಡೆಗೆ ಹದಿನಾಲ್ಕು. ಎರಡೂ ಕಡೆ ಸೇರಿ ಹದಿನಾಲ್ಕು ಜೊತೆ. ನೀವು ಪರೀಕ್ಷೇಲಿ ಪಕ್ಕೆಲುಬುಗಳು ಎಷ್ಟು ಜೊತೆ ಅಂತ ಕೇಳಿದ್ರಿ. ನಮ್ಮನೇಲಿ ಹಂದಿ ಸಾಕ್ತಿದ್ವಿ, ನೋಡಿದ್ದೆ, ಹದಿನಾಲ್ಕು ಅಂತ ಬರೆದೆ. ನೀವು ಕೆಂಪಗೆ ಗೀಟು ಎಳೆದುಬುಟ್ರಿ."

"ಮನುಷ್ಯನಿಗೆ ಹನ್ನೆರಡು ಜೊತೆ ಕಣಪ್ಪ."

"ಮನುಷ್ಯಂದು ಅಂತ ಪ್ರಶ್ನೇಲಿ ಇರಲಿಲ್ಲ ಸಾರ್."

ಹಿಂದೆ ನಿಂತಿದ್ದ ಮೂವರು ಗಿರಾಕಿಗಳು ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಪ್ರಶ್ನೆ ಪತ್ರಿಕೆಯನ್ನು ನಾನೇ ತಯಾರಿಸಿದ್ದೆ. ಇರಲಿಲ್ಲವೆಂದರೆ ಇರಲಿಲ್ಲ. ಅಲ್ಲೇ ನಿಂತು ಒಂದು ಅಂಕ ಕೊಟ್ಟೆ. ಅವನು ಕತ್ತಿಯನ್ನು ಒರೆಸಿಕೊಂಡು ಕೇಳಿದ: "ಅಂಗಾದ್ರೆ ನಾನು ಪಾಸಾ ಸಾರ್?"

೨. ಒಲೆ ಯಾವುದು

ಹಂದಿ ಮಾಂಸ ನಮ್ಮ ಮನೆಯಲ್ಲಿ ತಿನ್ನುತ್ತೇವೆ. ಆದರೆ ಒಳಗೆ ಬೇಯಿಸುವುದಿಲ್ಲ. ಅಂಗಳದಲ್ಲಿ ಮೂರು ಕಲ್ಲು ಹೂಡಿ, ಬೇರೆ ಪಾತ್ರೆಯಲ್ಲಿ ಬೇಯಿಸಿ, ಹೊರಗೇ ಉಂಡು, ಕೈ ತೊಳೆದು ಒಳಗೆ ಬರಬೇಕು. ನನ್ನ ಅಪ್ಪ ಇದ್ದಾಗಿನ ಕಟ್ಟಳೆ.

"ಇದು ಒಲೆ ಅಲ್ಲವ್ವ, ಕರೆಂಟಿನ ಪೆಟ್ಟಿಗೆ," ಎಂದೆ.

"ಬೇಯ್ಸುತ್ತೋ ಇಲ್ವೋ?"

"ಬೇಯಿಸುತ್ತೆ."

"ಅಂಗಾದ್ರೆ ಒಲೆ. ಹೊರಗೆ ತಗೊಂಡೋಗು."

ನನ್ನ ಹೆಂಡತಿ ಇದ್ದಾಗಲೂ ಓವನ್ ಹೊರಗೇ ಹೋಗುತ್ತಿತ್ತು. ಹೊಂಗೆ ಮರದ ಕೆಳಗೆ ಮೇಜು ಹಾಕಿ, ಓವನ್ ಇಟ್ಟು, ಕಿಟಕಿಯಿಂದ ವೈರು ಎಳೆದೆ. ಅದಕ್ಕೂ ಮೊದಲು ಇಡೀ ಓವನ್ನನ್ನು ಉಜ್ಜಿ ತೊಳೆದೆ. ಶಾಖದ ತಿರುಗುಣಿಯ ಪಕ್ಕದಲ್ಲಿ ಒಂದು ಕೆಂಪು ಕಲೆ ಅಂಟಿಕೊಂಡಿತ್ತು. ಸೀಮೆಎಣ್ಣೆ ಹಾಕಿ ಅದನ್ನೂ ತೆಗೆದೆ.

ಬೇಗ ಮುಗಿಯಲಿ ಎಂದು ಶಾಖವನ್ನು ಪೂರ್ತಿ ತಿರುಗಿಸಿ ಪಕ್ಕೆಲುಬನ್ನು ಒಳಗಿಟ್ಟೆ. ಗಾಜಿನ ಹಿಂದೆ ದೀಪ ಹತ್ತಿಕೊಂಡಿತು. ದಾರಿಯಲ್ಲಿ ಹೋಗುವವರು ನಿಂತರು. ನಿಂತವರನ್ನು ನೋಡಿ ಮತ್ತೆ ನಾಲ್ಕು ಜನ ನಿಂತರು. ತೋವಿನಕೆರೆಯಿಂದ ಬಂದಿದ್ದ ನನ್ನ ಸೋದರಮಾವ ಕುರ್ಚಿ ತಂದು ಓವನ್ನಿನ ಎದುರಿಗೆ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿ ಅರ್ಧ ಗಂಟೆ ಒಳಗೇ ನೋಡಿದರು.

"ಲೇ ಮೇಷ್ಟ್ರೇ," ಎಂದರು ಕೊನೆಗೆ, "ಚಾನೆಲ್ ಬದ್ಲಾಯ್ಸಲಾ. ಆಗ್ಲಿಂದ ಒಂದೇ ಸೀನು."

ಮುಕ್ಕಾಲು ಗಂಟೆಗೆ ತೆಗೆದೆ. ಮೇಲೆ ಇದ್ದಿಲು, ಒಳಗೆ ಚಪ್ಪಲಿ. ಅವ್ವನ ಬಾಯಲ್ಲಿ ಉಳಿದಿರುವುದು ಏಳು ಹಲ್ಲು. ಅವಳು ಒಂದು ತುಂಡನ್ನು ಎಡಕ್ಕೆ ಹಾಕಿದಳು, ಬಲಕ್ಕೆ ಹಾಕಿದಳು, ತೆಗೆದು ತಟ್ಟೆಯಲ್ಲಿಟ್ಟಳು.

"ಹೆಂಗಿದೆ ಅವ್ವ?"

"ಸತ್ತೋರಿಗೆ ಹಲ್ಲು ಇರ್ತಾವೋ ಇಲ್ವೋ, ಅದನ್ನ ಮೊದ್ಲು ತಿಳ್ಕಾ," ಎಂದಳು.

೩. ಡಿಗ್ರಿಯ ವಿಷಯ ಮಾತ್ರ

ಎರಡನೇ ಭಾನುವಾರ ಮಾಂಸವನ್ನು ಬೆಳ್ಳಿ ಬಣ್ಣದ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ, ಶಾಖವನ್ನು ನೂರ ನಲವತ್ತಕ್ಕೆ ಇಳಿಸಿ ಮೂರು ಗಂಟೆ ಬೇಯಿಸಿದೆ. ಫೋನಿನಲ್ಲಿ ಎಲ್ಲರೂ ಹೇಳುವುದು ಅದನ್ನೇ. ಆದರೂ ಒಣಗಿ ಸೌದೆಯಾಯಿತು. ಅವ್ವ ಬಾಯಿಗೇ ಹಾಕಲಿಲ್ಲ. ಬೆರಳಿನಲ್ಲಿ ತಟ್ಟಿ ಸದ್ದು ಕೇಳಿ ಒಳಗೆ ಹೋದಳು.

ನಮ್ಮ ಶಾಲೆಯ ಗಣಿತದ ಮೇಷ್ಟ್ರು ಶಿರಾದಿಂದ ದಿನಾ ಬಸ್ಸಿನಲ್ಲಿ ಬರುತ್ತಾರೆ. ಅವರ ಅಣ್ಣನದು ಅಲ್ಲಿ ಮಸೀದಿ ಪಕ್ಕ ಬೇಕರಿ. ಸೋಮವಾರ ಊಟದ ಹೊತ್ತಿನಲ್ಲಿ ಅವರ ಪಕ್ಕ ಕೂತು, ಓವನ್ ಹೀಗೇಕೆ ಮಾಡುತ್ತದೆ ಎಂದು ಕೇಳಿದೆ.

"ಕೇಕಾ ಸಾರ್?"

"ಅಲ್ಲ."

"ಬಿಸ್ಕತ್ತಾ?"

"ಮಾಂಸ."

"ಅರೆ, ವಾಹ್! ಮಟನ್ನಾ?"

ನಾನು ಮೊಸರನ್ನ ಕಲಸಿದೆ. ಅವರು ನನ್ನ ಮುಖ ನೋಡಿದರು. ಮಾರ್ಲಾಮಿ ಹತ್ತಿರ ಬಂದಿದೆಯೆಂದು ಅವರಿಗೆ ಗೊತ್ತು. ನನ್ನ ಹೆಂಡತಿಯ ಮಣ್ಣಿಗೆ ಬಂದು ಸಂಜೆಯವರೆಗೆ ನಿಂತಿದ್ದವರು. ಡಬ್ಬಿಯ ಮುಚ್ಚಳ ಹಾಕಿ ನಿಧಾನವಾಗಿ ಹೇಳಿದರು: "ಸರಿ ಸಾರ್. ನಾವು ಡಿಗ್ರಿ ವಿಷಯ ಮಾತ್ರ ಮಾತಾಡೋಣ."

ಓವನ್ನಿನ ತಿರುಗುಣಿ ಸುಳ್ಳು ಹೇಳುತ್ತದಂತೆ. ಹೊಸದರಲ್ಲಿ ಸ್ವಲ್ಪ, ಹಳೆಯದಾದಂತೆ ಹೆಚ್ಚು. ಒಳಗಿನ ಶಾಖವನ್ನು ಅಳೆದೇ ನೋಡಬೇಕು. ನಮ್ಮ ಪ್ರಯೋಗಾಲಯದ ಥರ್ಮಾಮೀಟರು ನೂರಾ ಹತ್ತಕ್ಕೆ ನಿಲ್ಲುತ್ತದೆ, ಅದರ ಮೇಲೆ ಒಡೆಯುತ್ತದೆ. ಮಂಗಳವಾರ ಅವರು ಅಣ್ಣನ ಬೇಕರಿಯಿಂದ, ಒಳಗೆ ನಿಲ್ಲಿಸಿಡುವ ಒಂದು ಗುಂಡನೆಯ ಥರ್ಮಾಮೀಟರು ತಂದುಕೊಟ್ಟರು.

ಅಳೆದೆ. ನಾನು ನೂರ ನಲವತ್ತು ಎಂದುಕೊಂಡದ್ದು ನೂರ ತೊಂಬತ್ತಾಗಿತ್ತು. ಚೂರುಚೂರೇ ಹಿಂದಕ್ಕೆ ತಿರುಗಿಸುತ್ತಾ ಬಂದೆ. ಒಳಗೆ ಸರಿಯಾಗಿ ನೂರ ನಲವತ್ತು ನಿಂತಾಗ ತಿರುಗುಣಿಯ ಗೆರೆ ಎಲ್ಲಿಗೆ ಬಂದಿದೆ ಎಂದು ಬಗ್ಗಿ ನೋಡಿದೆ. ಅಲ್ಲಿ, ಸೀಮೆಎಣ್ಣೆ ಹಾಕಿ ಉಜ್ಜಿದ ಜಾಗದಲ್ಲಿ, ಉಗುರು ಬಣ್ಣದ ಒಂದು ಚುಕ್ಕೆ ಇನ್ನೂ ತೆಳ್ಳಗೆ ಕಾಣುತ್ತಿತ್ತು. ಬರೆದಿಟ್ಟಿಲ್ಲ ಎಂದುಕೊಂಡಿದ್ದೆ. ಬರೆದಿಟ್ಟಿದ್ದಳು. ಅಳಿಸಿದವನು ನಾನು.

ಮರುದಿನ ಥರ್ಮಾಮೀಟರನ್ನು ಬಿಸಿನೀರಿನಲ್ಲಿ ಮೂರು ಸಲ ತೊಳೆದು, ಕಾಗದದಲ್ಲಿ ಸುತ್ತಿ ಗಣಿತದ ಮೇಷ್ಟ್ರಿಗೆ ಹಿಂದಿರುಗಿಸಲು ಹೋದೆ. ಖಾಲಿ ಓವನ್ನಿನ ಶಾಖವನ್ನಷ್ಟೇ ಅಳೆದದ್ದು ಎಂದೂ ವಿವರಿಸಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದು, ಬಹಳ ವಿನಯದಿಂದ ಕೈ ಮುಗಿದರು.

"ನೀವು ಹೇಳಿದ್ಮೇಲೆ ನಂಬ್ತೀನಿ ಸಾರ್. ಆದ್ರೂ ಅದು ನಿಮ್ ಹತ್ರಾನೇ ಇರ್ಲಿ. ಭಾಯ್‌ಜಾನ್‌ಗೆ ಬಸ್ಸಲ್ಲಿ ಕಳೆದೋಯ್ತು ಅಂತ ಹೇಳಿಬಿಟ್ಟಿದ್ದೀನಿ."

೪. ಏನೋ ಒಂದು ಕಡಿಮೆ

ಮೂರನೇ ಭಾನುವಾರ ಎಲ್ಲವೂ ಸರಿಯಾಗಿತ್ತು. ಬೇಯಲು ಇಟ್ಟು ಎರಡು ಗಂಟೆಯಾಗುವಷ್ಟರಲ್ಲಿ ಕರೆಂಟು ಹೋಯಿತು. ಸಂಜೆಯವರೆಗೂ ಬರಲಿಲ್ಲ.

ಆ ಹೊತ್ತಿನಲ್ಲಿ ಗೊಜ್ಜನ್ನಾದರೂ ಸರಿ ಮಾಡಿಕೊಳ್ಳೋಣವೆಂದು ಬೆಲ್ಲ, ಹುಣಸೆ, ಟೊಮೆಟೊ, ಬೆಳ್ಳುಳ್ಳಿ, ಒಣ ಮೆಣಸಿನಕಾಯಿ ಹಾಕಿ ಗ್ಯಾಸಿನ ಮೇಲೆ ಕುದಿಸಿದೆ. ಇದರಲ್ಲಿ ಮಾಂಸವಿಲ್ಲದ್ದರಿಂದ ಅವ್ವ ಅಡುಗೆಮನೆಗೆ ಬಿಟ್ಟಳು. ಪಕ್ಕದ ಮನೆಯಲ್ಲಿರುವ ನಿವೃತ್ತ ಹೆಡ್ ಕ್ಲಾರ್ಕು ಮೊಟ್ಟೆಯ ಹೆಸರು ಹೇಳಿದರೂ ಬಾಯಿ ಮುಕ್ಕಳಿಸುವವರು. ಗೋಡೆಯ ಮೇಲಿನಿಂದ ಅವರ ತಲೆ ಎದ್ದಿತು.

"ಏನ್ರೀ ಮೇಷ್ಟ್ರೇ, ಘಮಘಮ ಅಂತಿದೆ! ಒಂದು ಬಟ್ಟಲು ಈ ಕಡೆ ಕೊಡಿ."

ಬೇರೆ ಬಟ್ಟಲಿಗೆ, ಬೇರೆ ಸೌಟಿನಲ್ಲಿ ಹಾಕಿ ಕೊಟ್ಟೆ. ಏನೇನು ಹಾಕಿದೆ ಎಂದು ಒಂದೊಂದಾಗಿ ಹೇಳಿದೆ. ಅವರು ಅನ್ನಕ್ಕೆ ಕಲಸಿ ತಿಂದು, ಬೆರಳು ನೆಕ್ಕಿ, ಮತ್ತೆ ಗೋಡೆಯ ಮೇಲೆ ಬಂದರು.

"ಅದ್ಭುತ. ಆದರೆ ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ, ಇದಕ್ಕೆ ಏನೋ ಒಂದು ಕಡಿಮೆಯಾಗಿದೆ. ಏನು ಅಂತ ಹೇಳಕ್ಕೆ ಬರ್ತಿಲ್ಲ."

ನನಗೆ ಬರುತ್ತಿತ್ತು. ಬಟ್ಟಲು ಇಸಿದುಕೊಂಡು ಅಂಗಳದಲ್ಲಿ ಅರ್ಧ ಬೆಂದಿದ್ದ ಪಕ್ಕೆಲುಬಿನ ಹತ್ತಿರ ಹೋದೆ.

೫. ಶೆಡ್ಡಿನ ಎಡೆ

ಅಮಾವಾಸ್ಯೆ ಬಂತು. ಒಂದು ಸಲವೂ ಸರಿಯಾಗಿ ಮಾಡಿ ನೋಡಿರದ ಅಡುಗೆಯನ್ನು, ರುಚಿ ನೋಡದೆ, ಒಂದೇ ಸಲಕ್ಕೆ ಸರಿಯಾಗಿ ಮಾಡಬೇಕಿತ್ತು.

ಬೆಳಿಗ್ಗೆ ಆರಕ್ಕೆ ಪಕ್ಕೆಲುಬಿನ ಹಿಂಬದಿಯ ತೆಳು ಪೊರೆಯನ್ನು ಎಳೆದು ತೆಗೆದೆ. ಉಪ್ಪು, ಖಾರದ ಪುಡಿ, ಬೆಲ್ಲದ ಪುಡಿ ತಿಕ್ಕಿ, ಹಾಳೆ ಸುತ್ತಿ, ಚುಕ್ಕೆಯ ಗುರುತಿಗೆ ತಿರುಗಿಸಿ ಇಟ್ಟೆ. ಮೂರು ಗಂಟೆ. ಕೊನೆಯಲ್ಲಿ ಹಾಳೆ ಬಿಚ್ಚಿ ಗೊಜ್ಜು ಬಳಿದು ಹದಿನೈದು ನಿಮಿಷ. ನಾನು ಓವನ್ನಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ.

"ಏಳ್ಲಾ ಅಲ್ಲಿಂದ," ಎಂದಳು ಅವ್ವ. "ವಾಸ್ನೆ ಕುಡಿದ್ರೂ ಎಂಜ್ಲೇ."

ಕುರ್ಚಿಯನ್ನು ಬೇಲಿಯ ಹತ್ತಿರ ಹಾಕಿದೆ. ಗಾಳಿ ತಿರುಗಿತು. ಬಾವಿಯ ಹತ್ತಿರ ಹಾಕಿದೆ. ಗಾಳಿ ಮತ್ತೆ ತಿರುಗಿತು. ಮೂರು ಗಂಟೆಯಲ್ಲಿ ಕುರ್ಚಿ ಹಿಡಿದು ನಮ್ಮ ಅಂಗಳವನ್ನು ಪೂರ್ತಿ ಒಂದು ಸುತ್ತು ಹಾಕಿದೆ. ಹಬ್ಬಕ್ಕೆ ಬಂದಿದ್ದ ಸೋದರಮಾವ ಜಗುಲಿಯಿಂದಲೇ ಗಾಳಿಯ ದಿಕ್ಕು ಕೂಗಿ ಹೇಳುತ್ತಿದ್ದರು.

ಎಡೆ ಎಲ್ಲಿ ಇಡುವುದು ಎಂಬ ಪ್ರಶ್ನೆ ಬಂದದ್ದು ಆಮೇಲೆ. ನಡುಮನೆಯಲ್ಲಿ ಅಪ್ಪನ ಎಡೆ ಸಿದ್ಧವಾಗಿತ್ತು: ಮುದ್ದೆ, ಕೋಳಿ ಸಾರು, ಬೀಡಿ ಕಟ್ಟು. ಅದರ ಪಕ್ಕ ಇನ್ನೊಂದು ಎಲೆ ಹಾಕಲು ಹೋದೆ. ಅವ್ವ ಕೈ ಹಿಡಿದಳು.

"ಹಂದೀನ ಒಳಗೆ ತಂದ್ರೆ ನಿಮ್ಮಪ್ಪ ಎಡೆ ಬುಟ್ಟು ಎದ್ದೋಯ್ತಾನೆ. ಬದುಕಿದ್ದಾಗ್ಲೇ ಎರಡು ಸಲ ಎದ್ದೋಗವ್ನೆ."

"ಅವಳನ್ನ ಅಂಗಳದಲ್ಲಿ ಕೂರಿಸೋಕಾಗುತ್ತಾ ಅವ್ವ? ಬಾಗಿಲು ಬೇಡವಾ?"

ಸೋದರಮಾವ ಹಿತ್ತಲಿನ ಕಡೆ ಕೈ ತೋರಿಸಿದರು. ಅಲ್ಲಿ ಅವಳ ಸ್ಕೂಟರ್ ನಿಲ್ಲಿಸುವ ತಗಡಿನ ಶೆಡ್ಡಿದೆ. ಅದಕ್ಕೆ ಬಾಗಿಲೂ ಇದೆ. ಸ್ಕೂಟರನ್ನು ಒಂದು ಕಡೆಗೆ ಸರಿಸಿ, ನೆಲ ಸಾರಿಸಿ, ಬಾಳೆ ಎಲೆ ಹಾಕಿದೆವು. ಅನ್ನ, ಚಿರೋಟಿ, ಅವಳಿಷ್ಟದ ಹಸಿರು ಸೀರೆ, ಒಂದು ಲೋಟ ನೀರು. ಪಕ್ಕೆಲುಬನ್ನು ನಾಲ್ಕು ತುಂಡು ಮಾಡಿ ಗೊಜ್ಜಿನ ಬಟ್ಟಲಿಗೆ ಒರಗಿಸಿ ನಿಲ್ಲಿಸಿದೆ. ದೀಪ ಹಚ್ಚಿ ಬಾಗಿಲು ಮುಚ್ಚಿದೆವು.

ಹತ್ತು ನಿಮಿಷ. ನಾನು ಗಡಿಯಾರ ನೋಡುತ್ತಾ ನಿಂತೆ. ಬೆಂದಿದೆಯೋ ಇಲ್ಲವೋ ಎಂಬುದನ್ನು ಬಿಟ್ಟು ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ. ಹತ್ತಾದ ಮೇಲೆ ಅವ್ವ ಒಳಗಿರುವವರಿಗೆ ತಿಳಿಯಲಿ ಎಂದು ಎರಡು ಸಲ ಕೆಮ್ಮಿ ಬಾಗಿಲು ತೆಗೆದಳು.

ಒರಗಿಸಿ ನಿಲ್ಲಿಸಿದ್ದ ತುಂಡುಗಳು ನಿಂತಿರಲಿಲ್ಲ. ಮಾಂಸ ಮೂಳೆಯಿಂದ ತಾನಾಗಿ ಜಾರಿ ಎಲೆಯ ಒಂದು ಕಡೆ ಬಿದ್ದಿತ್ತು. ಬಿಳಿ ಮೂಳೆಗಳು ಬೇರೆಯಾಗಿ ಇನ್ನೊಂದು ಕಡೆ ಉರುಳಿದ್ದವು. ಮೂರು ಗಂಟೆಯ ಹದವಾದ ಶಾಖಕ್ಕೆ ಮೂಳೆ ಹಿಡಿದಿರುವ ನಾರು ಕರಗುತ್ತದೆ, ಭಾರಕ್ಕೆ ಮಾಂಸ ಕಳಚುತ್ತದೆ. ವಿಜ್ಞಾನದ ಮೇಷ್ಟ್ರಾಗಿ ನನಗೆ ಅದು ಗೊತ್ತು. ಬೆಂದಿತ್ತು.

ಅವ್ವ ಹೊಸ್ತಿಲ ಮೇಲೆ ಬಗ್ಗಿ ನೋಡಿದವಳು ಸರಕ್ಕನೆ ಹಿಂದೆ ಸರಿದು ಬಾಗಿಲು ಎಳೆದುಕೊಂಡಳು.

"ಅಯ್ಯೋ, ಹಾಕ್ಲಾ ಬಾಗ್ಲ! ಬೇಗ ತೆಗೆದುಬುಟ್ವಿ. ಅವ್ಳು ಇನ್ನೂ ಬುಡಿಸ್ಕೊಂತಾವ್ಳೆ!"

"ಅವ್ವ..."

"ಗೊತ್ತಿಲ್ವಾ ನಿಂಗೆ? ಮೂಳೆ ಎಲ್ಲಾ ಒಂದು ಕಡೆಗೆ ತೆಗೆದಿಟ್ಟು, ಮಾಂಸಾನ ಗುಡ್ಡೆ ಮಾಡ್ಕೊಂಡು, ಆಮೇಲೆ ಬಾಯಿಗಿಕ್ಕೋದು ಅವ್ಳು. ಹದಿನೆಂಟು ವರ್ಷ ಪಕ್ಕದಲ್ಲಿ ಕೂತು ಉಂಡಿದ್ದೀಯಾ, ನೋಡ್ಲೇ ಇಲ್ವಾ?"

ನೋಡಿದ್ದೆ. ಎಷ್ಟೋ ಸಲ ಬೇಗ ಊಟ ಮಾಡು ಎಂದು ಗದರಿಸಿಯೂ ಇದ್ದೆ. ನಾರು, ಶಾಖ, ಭಾರ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಚಿಲಕ ಹಾಕಿದೆ.

"ಇನ್ನೂ ಎಷ್ಟೊತ್ತು ಅಕ್ಕಯ್ಯ?" ಎಂದರು ಸೋದರಮಾವ. ಬೆಳಗಿನಿಂದ ಅವರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ.

"ಅವ್ಳು ಯಾವತ್ತು ಬೇಗ ಉಂಡವ್ಳೆ? ಕೂತ್ಕೊ."

ಮೂವರೂ ಶೆಡ್ಡಿನ ಹೊರಗೆ ನೆಲದ ಮೇಲೆ ಕೂತೆವು. ಕಾಲು ಗಂಟೆಯಾಯಿತು. ಕೊನೆಗೆ ಸೋದರಮಾವ ಎದ್ದು, ಪಂಚೆ ಕೊಡವಿಕೊಂಡು, ತಗಡಿನ ಬಾಗಿಲಿಗೆ ಬಾಯಿ ಹತ್ತಿರ ತಂದು, ಒಳಗಿರುವವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು:

"ನಿಧಾನಕ್ಕೇ ಉಣ್ಣು ಕಣಮ್ಮ, ಅವಸರ ಇಲ್ಲ. ಮೇಷ್ಟ್ರು ಮೂರು ವಾರದಿಂದ ಒದ್ದಾಡಿ ಮಾಡವ್ನೆ. ಆದ್ರೆ ನಂಗೊಂದೆರಡು ಬುಡು."