ಬೇವಿನ ಗಿಡದ ಕೆಳಗಿನ ಜಪಾನ್ ಕಾರು

ಮನೆಯಲ್ಲೇ ಕಾರು ರಿಪೇರಿ ಮಾಡಿಕೊಳ್ಳುವವನಿಗೆ ಕಾರು ಕೆಟ್ಟಾಗ ಏನೂ ಆಗುವುದಿಲ್ಲ. ಆಗುವುದೆಲ್ಲ ಅದು ಸರಿಹೋದ ಮೇಲೆಯೇ. ನಾನು ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ ಫಿಟ್ಟರ್. ಆರು ದಿನ ಗಿರಣಿಯ ಬೆಲ್ಟು, ಬೇರಿಂಗು. ಏಳನೆಯ ದಿನ ಮನೆ ಮುಂದೆ ಬೇವಿನ ಗಿಡದ ಕೆಳಗೆ ನಿಂತಿರುವ ಹಳೇ ಜಪಾನ್ ಕಾರು. ಲಿಂಗಸುಗೂರಿನ ಡಾಕ್ಟರೊಬ್ಬರು ಇಪ್ಪತ್ತು ವರ್ಷ ಓಡಿಸಿ ನನಗೆ ಕೊಟ್ಟದ್ದು. ಎಂಜಿನ್ ಇನ್ನೂ ಗಟ್ಟಿ. ಉಳಿದದ್ದನ್ನು ಗಟ್ಟಿ ಮಾಡಲು ನಾನು ಹೋಗುತ್ತೇನೆ.

ಬೇಕರಿ ಮಾಲು

ಹೆಡ್‌ಲೈಟುಗಳ ಒಳಗೆಲ್ಲ ಮಬ್ಬು ಹಿಡಿದಿತ್ತು. ಅವನ್ನು ಬಿಚ್ಚಿ ಒಳಗಿನಿಂದ ಒರೆಸಬೇಕು. ಆದರೆ ಮುಂದಿನ ಗಾಜನ್ನು ಅಂಟು ಹಾಕಿ ಕೂರಿಸಿರುತ್ತಾರೆ. ಹದವಾಗಿ ಬಿಸಿ ಮಾಡಿದರಷ್ಟೇ ಅಂಟು ಬಿಡುತ್ತದೆ. ನಮ್ಮ ಮನೆಯಲ್ಲಿ ಇರುವುದು ರೊಟ್ಟಿ ಹಂಚು. ಹಾಗಾಗಿ ಎರಡೂ ಹೆಡ್‌ಲೈಟು ಬಿಚ್ಚಿಕೊಂಡು ನಮ್ಮ ಓಣಿಯ ಬೇಕರಿ ಚಾಚಾನ ಹತ್ತಿರ ಹೋದೆ. ಅವರ ಭಟ್ಟಿಯ ಫ್ಯಾನು ಕೆಟ್ಟಾಗೆಲ್ಲ ಸರಿ ಮಾಡಿಕೊಟ್ಟವನು ನಾನು, ಅವರು ಇಲ್ಲ ಅನ್ನಲಿಲ್ಲ.

"ಎಷ್ಟೊತ್ತು ಇಡಬೇಕು ಮಿಸ್ತ್ರಿ?"

"ಹತ್ತು ನಿಮಿಷ. ಉರಿ ಕಡಿಮಿ ಇರಲಿ."

"ಮ್ಯಾಲ ತುಪ್ಪ ಸವರಲೇನು?"

ಅವರು ಚೇಷ್ಟೆಗೆ ಕೇಳಲಿಲ್ಲ. ಭಟ್ಟಿಗೆ ಏನು ಇಟ್ಟರೂ ಕೇಳುವ ರೂಢಿ.

ಹತ್ತು ನಿಮಿಷಕ್ಕೆ ಟ್ರೇ ಹೊರಗೆ ಬಂತು. ಒಂದು ಕಡೆ ಬನ್ನು, ಇನ್ನೊಂದು ಕಡೆ ಫಳಫಳ ಹೊಳೆಯುವ ಎರಡು ಹೆಡ್‌ಲೈಟು. ಖಾರಿ ಬಿಸ್ಕೀಟು ಕಟ್ಟಿಸಿಕೊಳ್ಳಲು ನಿಂತಿದ್ದ ಹೆಣ್ಣುಮಗಳೊಬ್ಬರು ಕತ್ತು ಚಾಚಿ, "ಅದೇನ್ರೀ?" ಅಂದರು. ಚಾಚಾಗೆ ವಿವರಿಸಲು ಪುರಸೊತ್ತಿರಲಿಲ್ಲ. "ಅದು ಆರ್ಡರ್ ಮಾಲು ರೀ, ಮಾರೂದಿಲ್ಲ."

ಆಕೆ ಸ್ವಲ್ಪ ಹೊತ್ತು ನೋಡಿ, "ನಮ್ಮ ಹುಡುಗನ ಬರ್ಥ್‌ಡೇಕ್ಕೂ ಹಂತಾದೇ ಒಂದು ಮಾಡಿಕೊಡ್ರಿ," ಅಂದರು. "ತತ್ತಿ ಹಾಕಬ್ಯಾಡ್ರಿ."

ಜಪಾನಿನಾಕಿ

ಹೈದರಾಬಾದಿನ ಗುಜರಿ ಬಜಾರಿನಿಂದ ಒಂದು ಹಳೇ ಟೇಪ್ ಸೆಟ್ ತಂದು ಕೂರಿಸಿದೆ. ಅದೂ ಜಪಾನಿನದೇ. ಕೀಲಿ ತಿರುಗಿಸಿದ ಕೂಡಲೇ ಅದರೊಳಗಿಂದ ಒಬ್ಬ ಹೆಂಗಸು ಮೆತ್ತಗೆ, ಬಹಳ ಮರ್ಯಾದೆಯಿಂದ, ಜಪಾನಿ ಭಾಷೆಯಲ್ಲಿ ಒಂದು ಮಾತು ಹೇಳುತ್ತಿದ್ದಳು.

ನನ್ನ ಹೆಂಡತಿ ಮೊದಲ ದಿನ ಸೆಟ್ಟನ್ನೇ ನೋಡಿದಳು. ಎರಡನೆಯ ದಿನ ಕೇಳಿದಳು. "ಆಕಿ ಏನಂತಾಳ?"

"ಗೊತ್ತಿಲ್ಲ."

"ಗೊತ್ತಿಲ್ಲದಾಕಿನ್ನ ಗಾಡ್ಯಾಗ ಯಾಕ ಇಟ್ಕೊಂಡೀರಿ?"

ಆಗಲೇ ನಮ್ಮ ಅತ್ತೆ ಗೊರೇಬಾಳದಿಂದ ಬಂದರು. ಅವರನ್ನು ದವಾಖಾನೆಗೆ ಕರೆದುಕೊಂಡು ಹೋಗುವಾಗ ಕೀಲಿ ತಿರುಗಿಸಿದೆ, ಆಕೆ ಮಾತಾಡಿದಳು. ಅತ್ತೆ ಸೆರಗು ಸರಿ ಮಾಡಿಕೊಂಡು, "ಹೂಂ ಯವ್ವಾ, ಆರಾಮ ಅದೀನಿ. ನೀ ಹೆಂಗದಿ?" ಅಂದರು. ಬರುವಾಗಲೂ ಹಾಗೆಯೇ ಮಾತಾಡಿಸಿದರು.

ಹೆಂಡತಿಯ ಕಾಟಕ್ಕೆ ಮಾರನೆಯ ದಿನವೇ ಸೆಟ್ ಕಿತ್ತಿಟ್ಟೆ. ಹೆಂಡತಿಯನ್ನೂ ಕೂರಿಸಿಕೊಂಡು ಅತ್ತೆಯನ್ನು ಊರಿಗೆ ಬಿಡಲು ಹೊರಟಾಗ ಅವರು ಸ್ವಲ್ಪ ಹೊತ್ತು ಕಾದು, "ಆ ಹುಡುಗಿ ಎಲ್ಲಿ ಹೋಗ್ಯಾಳ ಅಳಿಯಾರ?" ಅಂದರು.

"ತಗದೀನಿ ಅತ್ತಿ."

"ಯಾಕ ತಗದ್ರಿ? ನಾ ಬಂದ್ರ ತಾನಾಗಿ ಮಾತಾಡಸ್ತಿದ್ದಾಕಿ ಆಕಿ ಒಬ್ಬಾಕಿನೇ." ಹೇಳಿದ್ದು ನನಗೆ, ನೋಡಿದ್ದು ಮಗಳ ಕಡೆ.

ಮುಂದಿನ ಭಾನುವಾರ ಹೆಂಡತಿಯೇ ನಿಂತು ಸೆಟ್ ವಾಪಸ್ ಹಾಕಿಸಿದಳು.

ಎಡಕ್ಕೆ ತಿರುಗಿದರೆ

ಹಳೇ ಸ್ಟೇರಿಂಗ್ ತೆಗೆದು ಸಣ್ಣದೊಂದು ಹಾಕಿದೆ. ಒಳಗೆ ಯಾವುದೋ ವೈರು ತಾಗಿ, ಎಡಕ್ಕೆ ತಿರುಗಿಸಿದರೆ ಹಾರ್ನ್ ಹೊಡೆಯತೊಡಗಿತು. ದೊಡ್ಡ ಸರ್ಕಲ್ಲಿನಲ್ಲಿ ಎಡಕ್ಕೆ ತಿರುಗಿದೆ, ಪೊಲೀಸಪ್ಪನ ಬೆನ್ನ ಹಿಂದೆಯೇ ಹಾರ್ನ್ ಬಡಿಯಿತು.

"ನನಗ್ಯಾಕ ಹಾರ್ನ್ ಹೊಡೀತಿ?"

"ನಾ ಹೊಡದಿಲ್ಲ ಸಾಹೇಬ್ರ, ಎಡಕ್ಕ ಹೊಳ್ಳಿಸಿದೆ."

ಅವರು ಕಿಟಕಿಯೊಳಗೆ ಕೈ ಹಾಕಿ ತಾವೇ ಸ್ಟೇರಿಂಗ್ ತಿರುಗಿಸಿದರು. ಬಲಕ್ಕೆ ಸುಮ್ಮನೆ, ಎಡಕ್ಕೆ ಪೋಂ. ಮೂರು ಸಲ ನೋಡಿದರು.

"ಹಂಗಾರ ಬಲಕ್ಕ ಹೋಗು."

"ನಮ್ಮ ಮನಿ ಎಡಕ್ಕ ಐತ್ರಿ."

ಅವರು ಬೆರಳಿನಿಂದ ಗಾಳಿಯಲ್ಲಿ ಲೆಕ್ಕ ಹಾಕಿದರು. "ಮೂರು ಸಲ ಬಲಕ್ಕ ಹೊಳ್ಳು, ಎಡಕ್ಕ ಬರತೈತಿ."

ಲೆಕ್ಕ ತಪ್ಪಿರಲಿಲ್ಲ. ಎರಡು ದಿನ ಹಾಗೆಯೇ ಮನೆ ಸೇರಿದೆ.

ಮಸ್ಕಿಗೆ ಬಂದ ಬೀಗರು

ಮಸ್ಕಿಯಲ್ಲಿರುವ ನನ್ನ ತಂಗಿಯ ಮಗಳನ್ನು ನೋಡಲು ಲಿಂಗಸುಗೂರಿನಿಂದ ಗಂಡಿನವರು ಬರುವವರಿದ್ದರು. ಹಿಂದೆ ಎರಡು ಸಂಬಂಧ ಕೈಬಿಟ್ಟು ಹೋಗಿದ್ದವು. ಹುಡುಗಿ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಕಲಿತವಳು. ಅದನ್ನು ಹೇಳಬೇಕೋ ಮುಚ್ಚಿಡಬೇಕೋ ಎನ್ನುವುದು ತಂಗಿಯ ಚಿಂತೆ. ಬಸ್‌ಸ್ಟ್ಯಾಂಡಿನಿಂದ ಅವರನ್ನು ಕರೆತರುವ ಕೆಲಸ ನನಗೆ ಬಿತ್ತು. ಆ ವಾರವೇ ನಾನು ಕಾರಿಗೆ ಸೆಂಟ್ರಲ್ ಲಾಕ್ ಹಾಕಿದ್ದೆ.

ಮುಂದೆ ಹುಡುಗನ ತಂದೆ, ಹಿಂದೆ ತಾಯಿ ಮತ್ತು ಹುಡುಗ. ತಂಗಿಯ ಮನೆ ಮುಂದೆ ಎಸಿ ಬಂದ್ ಮಾಡದೆ ನಾನಷ್ಟೇ ಇಳಿದು ಬಾಗಿಲು ಹಾಕಿದೆ. ಟಕ್ ಅಂತ ನಾಲ್ಕೂ ಬಾಗಿಲು ಲಾಕಾದವು. ಕೀಲಿ ಒಳಗೆ. ಒಳಗಿದ್ದವರು ಬಾಗಿಲ ಗುಂಡಿ ಎತ್ತಲು ಹೋದರೆ ನಾನು ಕೂರಿಸಿದ ಮೋಟರು ಬಿಡಲೊಲ್ಲದು. ಕಿಟಕಿಗೂ ಅದೇ ವೈರಿನಿಂದ ಕರೆಂಟು ಕೊಟ್ಟಿದ್ದೆ, ಗಾಜೂ ಇಳಿಯಲಿಲ್ಲ. ತಂಗಿ ನೀರಿನ ತಂಬಿಗೆ ಹಿಡಿದು ನಿಂತಳು. ಹುಡುಗನ ತಂದೆ ಗಾಜಿನಾಚೆಯಿಂದ ಏನೋ ಹೇಳಿದರು. ಕೇಳಿಸಲಿಲ್ಲ, ಕೇಳಿಸದಿದ್ದದ್ದೇ ಒಳ್ಳೆಯದಾಯಿತು.

ಆಗ ರೇಷ್ಮೆ ಸೀರೆ ಉಟ್ಟ ಹುಡುಗಿಯೇ ಹೊರಗೆ ಬಂದಳು. "ಮಾಮಾ, ಡಿಕ್ಕಿ ತಗೀತೈತಿಲ್ಲ?"

ಡಿಕ್ಕಿಯ ಲಾಕ್ ಮುರಿದಿದ್ದರಿಂದ ನಾನು ಅದಕ್ಕೆ ಸುತಳಿ ಕಟ್ಟಿದ್ದೆ. ಅವಳು ಸುತಳಿ ಬಿಚ್ಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ತೂರಿದಳು. ಹಿಂದಿನ ಸೀಟನ್ನು ಒಳಗಿನಿಂದ ಬಡಿದು, "ಸ್ವಲ್ಪ ಸರೀರಿ," ಅಂದಳು. ಹುಡುಗನಿಗೆ ಅವಳು ಆಡಿದ ಮೊದಲ ಮಾತು ಅದೇ. ಅವನು ಸರಿದ. ಸೀಟು ಮುಂದಕ್ಕೆ ಮಡಚಿಕೊಂಡಿತು, ಹೂ ಮುಡಿದ ತಲೆ ಹೊರಬಂತು. ಅವಳು ಹುಡುಗನ ತಾಯಿಗೆ ಕೈಮುಗಿದು, ಮುಂದಿನ ಸೀಟುಗಳ ನಡುವೆ ಬಗ್ಗಿ ಲಾಕಿನ ಫ್ಯೂಸ್ ಕಿತ್ತಳು. ಗುಂಡಿಗಳು ಸಡಿಲಾದವು, ಬಾಗಿಲು ತೆರೆದವು.

ಎಲ್ಲರೂ ಪಡಸಾಲೆಯಲ್ಲಿ ಕೂತರು. ಹುಡುಗನ ತಾಯಿಯೇ ಮಾತು ಶುರು ಮಾಡಿದರು. "ಹುಡುಗಿ ನೋಡಾಕ ನಾವು ಬಂದ್ವಿ. ನಮ್ಮನ್ನ ನೋಡಾಕ ಹುಡುಗಿ ಡಿಕ್ಕ್ಯಾಗಿಂದ ಬಂದಳು. ನನಗಂತೂ ಮನಸ್ಸಿಗೆ ಬಂದಾಳ." ಹುಡುಗ ತಲೆ ತಗ್ಗಿಸಿ ನಗುತ್ತಿದ್ದ.

ತಂದೆ ಗಂಟಲು ಸರಿ ಮಾಡಿಕೊಂಡರು. "ನನಗೂ ಒಪ್ಪಿಗಿ. ಆದ್ರ ಒಂದು ಶರತ್ತು ಐತಿ."

ತಂಗಿ ಚಹಾದ ತಟ್ಟೆ ಕೆಳಗಿಟ್ಟಳು.

ಅವರು ನನ್ನ ಕಡೆ ಬೆರಳು ತೋರಿಸಿ ಹೇಳಿದರು: "ಲಗ್ನಕ್ಕ ಇವರು ನಮ್ಮನ್ನ ಕರಿಯಾಕ ಬರಬಾರದು. ನಾವು ಬಸ್ಸಿಗೆ ಬರ್ತೀವಿ."