ವಾಚನಾಲಯದಲ್ಲಿ ಜನಮತಗಣನೆ

ಗಡಿ ಹತ್ತಿರವಿದ್ದರೆ ಮನುಷ್ಯ ಸುಮ್ಮನೆ ಕೂತು ಪೇಪರು ಓದಲಾರ. ಕಾಸರಗೋಡು ಜಿಲ್ಲೆಯ ವರ್ಕಾಡಿ ಕಡೆಯ ನಮ್ಮ ವಾಚನಾಲಯದ ಕಾರ್ಯದರ್ಶಿಯಾಗಿ ನಾನು ಕಂಡುಕೊಂಡದ್ದು ಇಷ್ಟೇ. ಪೇಪರು ಬಿಡಿಸುವ ಮೊದಲೇ ಯಾರಾದರೊಬ್ಬರು ಕಾಸರಗೋಡು ಯಾರಿಗೆ ಸೇರಬೇಕು ಎಂದು ಕೇಳಿರುತ್ತಾರೆ. ಆಮೇಲೆ ಪೇಪರು ಗಾಳಿ ಬೀಸಿಕೊಳ್ಳಲು ಮಾತ್ರ.

ಸ್ವಯಂನಿರ್ಣಯ

ನಿವೃತ್ತ ಕನ್ನಡ ಮಾಸ್ಟ್ರೊಬ್ಬರು ನಮ್ಮ ಭಾನುವಾರದ ಕಾಯಂ ಭಾಷಣಕಾರರು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಎಂಬುದು ಅವರ ವಾದ. ಒಂದು ದಿನ ಸ್ವಯಂನಿರ್ಣಯದ ಹಕ್ಕನ್ನು ವಿವರಿಸುತ್ತಿದ್ದರು.

"ತಾನು ಯಾರ ಜೊತೆ ಇರಬೇಕು ಎಂದು ತೀರ್ಮಾನಿಸುವ ಹಕ್ಕು ಎಷ್ಟು ಸಣ್ಣ ಜನಸಮುದಾಯಕ್ಕೂ ಉಂಟು."

ಜೀಪಿನ ಡ್ರೈವರ್ ಕೇಳಿದ: "ಪಂಚಾಯತಿಗೆ ಉಂಟಾ ಮಾಸ್ಟ್ರೆ?"

"ಉಂಟು."

"ವಾರ್ಡಿಗೆ?"

"ಅದಕ್ಕೂ ಉಂಟು."

"ನನಗೊಬ್ಬನಿಗೆ?"

ಮಾಸ್ಟ್ರು ತಡವರಿಸಿದರು. ಆದರೆ ತತ್ತ್ವ ಬಿಡುವ ಹಾಗಿಲ್ಲ. "ತಾತ್ತ್ವಿಕವಾಗಿ ಉಂಟು."

"ನನಗೆ ಅದು ಸಿಕ್ಕಿ ಎಷ್ಟೋ ಕಾಲ ಆಯ್ತು ಮಾಸ್ಟ್ರೆ. ಡೀಸೆಲ್ ಹಾಕುವಾಗ ನಾನು ಕರ್ನಾಟಕ, ರೇಷನ್ ಅಂಗಡಿಯಲ್ಲಿ ಕೇರಳ. ನಿಮಗೆ ಮಾತ್ರ ಯಾಕೆ ಇನ್ನೂ ಸಿಗ್ಲಿಲ್ಲ?"

ಒಪ್ಪಂದ

ಮಾಸ್ಟ್ರ ಎದುರಾಳಿ ಪಕ್ಕದ ಹೋಟೆಲಿನವರು. ಇದ್ದಲ್ಲೇ, ಕೇರಳದಲ್ಲೇ ಇರೋಣ ಎಂಬುದು ಅವರ ಪಕ್ಷ. ಒಮ್ಮೆ ಮಾತು ಬೆಳೆದು ಮಾಸ್ಟ್ರು ಸವಾಲು ಹಾಕಿದರು. "ಇಲ್ಲಿಯೇ ಜನಮತಗಣನೆ ಆಗಲಿ. ಸೋತವರು ಇನ್ನು ಮುಂದೆ ವಾಚನಾಲಯದಲ್ಲಿ ಗಡಿಯ ವಿಷಯ ಎತ್ತಬಾರದು."

"ಆಯ್ತು. ಆದರೆ ಸೋತ ಮೇಲೆ 'ಕೊನೆಯದಾಗಿ ಒಂದು ಮಾತು' ಎಂದು ಶುರು ಮಾಡಬಾರದು."

ಇದಕ್ಕೆ ಜಗಳ ಹತ್ತಿತು. ಕನ್ನಡದ ಹಕ್ಕಿನ ಬಗ್ಗೆ ಇಬ್ಬರೂ ತುಳುವಿನಲ್ಲಿ ಬೈದಾಡಿಕೊಂಡರು. ಚಹಾ ಕುಡಿಯಲು ಬಂದ ಬಸ್ಸಿನ ಕಂಡಕ್ಟರ್ ಮಲೆಯಾಳದಲ್ಲಿ ಗದರಿಸಿದ ಮೇಲೆ ಕನ್ನಡದಲ್ಲಿ ಒಪ್ಪಂದವಾಯಿತು.

ಚುನಾವಣಾಧಿಕಾರಿ ನಾನು. "ಇವರಿಗೆ ಅಭಿಪ್ರಾಯ ಇದ್ದ ಹಾಗೆ ಕಾಣುವುದಿಲ್ಲ" ಎಂದರು ಮಾಸ್ಟ್ರು. ಹೋಟೆಲಿನವರು ತಕ್ಷಣ ಒಪ್ಪಿದರು. ಅವರಿಬ್ಬರೂ ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯದಲ್ಲಿ.

ಮತಪತ್ರ

ಗುಟ್ಟು ಉಳಿಯಲೆಂದು ಪರದೆಯ ಹಿಂದೆ ಎರಡು ಮಡಕೆ ಇಟ್ಟೆ, ಒಂದು ಕರ್ನಾಟಕಕ್ಕೆ, ಒಂದು ಕೇರಳಕ್ಕೆ. ಮತಪತ್ರದ ಬದಲು ಒಬ್ಬೊಬ್ಬರಿಗೆ ಒಂದೊಂದು ಸುಲಿದ ಅಡಿಕೆ. ಎಲ್ಲರೂ ಶಿಸ್ತಿನಿಂದ ಹೋಗಿ ಬಂದರು. ಒಬ್ಬ ಅಜ್ಜ ಮಾತ್ರ ಒಳಗೆ ಹೋದವರು ಬರಲೇ ಇಲ್ಲ. ಕೊನೆಗೆ ಬಂದಾಗ, "ಹಾಕಿದ್ರಾ ಅಜ್ಜ?" ಎಂದು ಕೇಳಿದೆ.

ಅಜ್ಜ ತಲೆಯಾಡಿಸಿದರು. ಅಂಗಳಕ್ಕೆ ಇಳಿದು, ಉಗಿದು, ಬಾಯಿ ಒರೆಸಿಕೊಂಡು ಬಂದು ಹೇಳಿದರು:

"ಅಡಿಕೆ ಒಳ್ಳೆದುಂಟು. ಆದರೆ ಎಲೆ, ಸುಣ್ಣ ನಾವೇ ತರುವುದಾದರೆ ಇದು ಎಂತ ಚುನಾವಣೆ ಮಾರಾಯ?"

ಫಲಿತಾಂಶ

ಎಣಿಸಿದಾಗ ಕೇರಳದ ಮಡಕೆಯಲ್ಲಿ ಒಂದು ಅಡಿಕೆ ಹೆಚ್ಚಿತ್ತು. ಮಾಸ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸುವುದು ಮುಗಿಯಲೇ ಇಲ್ಲ. ಅಷ್ಟು ಮಾತಿನ ಮನುಷ್ಯ ಹಾಗೆ ಗಾಜು ಉಜ್ಜುತ್ತ ನಿಂತದ್ದು ನೋಡಿ, ಗೆದ್ದ ಹೋಟೆಲಿನವರಿಗೂ ನಗಲು ಆಗಲಿಲ್ಲ.

ಅಷ್ಟರಲ್ಲಿ ಮಾಸ್ಟ್ರನ್ನು ಊಟಕ್ಕೆ ಕರೆಯಲು ಅವರ ಹೆಂಡತಿ ಬಂದರು. ಅವರೂ ನಿವೃತ್ತ ಟೀಚರ್. ಬಾಗಿಲಲ್ಲಿ ನಿಂತೇ ವಿಷಯ ಕೇಳಿದರು. ಷರತ್ತನ್ನು ಎರಡು ಸಲ ಹೇಳಿಸಿಕೊಂಡರು.

"ನನ್ನ ಓಟು ಬಾಕಿ ಉಂಟಲ್ಲ" ಎಂದರು.

"ಎಣಿಕೆ ಮುಗಿದಿದೆ ಟೀಚರೆ" ಎಂದು ಹೋಟೆಲಿನವರು ಎದ್ದರು. ಟೀಚರ್ ಒಮ್ಮೆ ನೋಡಿದರು. ಒಂದನೇ ಕ್ಲಾಸಿನಲ್ಲಿ ಹೋಟೆಲಿನವರಿಗೆ ಅ ಆ ಇ ಈ ಕಲಿಸಿದವರು ಇವರೇ. ಹೋಟೆಲಿನವರು ಕೂತರು. ಚುನಾವಣಾಧಿಕಾರಿಯಾದ ನಾನು ಒಂದು ಅಡಿಕೆ ಕೊಟ್ಟೆ.

ಟೀಚರ್ ಅದನ್ನು ಎಲ್ಲರೂ ನೋಡುವಂತೆ ಕರ್ನಾಟಕದ ಮಡಕೆಗೆ ಹಾಕಿದರು. ಸಮ ಸಮ! ಯಾರೂ ಸೋಲಲಿಲ್ಲ, ಯಾರೂ ಬಾಯಿ ಮುಚ್ಚಬೇಕಾಗಿಲ್ಲ.

ಮಾಸ್ಟ್ರ ಕಣ್ಣು ತುಂಬಿತು. "ಇಷ್ಟು ವರ್ಷಕ್ಕೆ ನನ್ನ ವಾದ ನಿನಗಾದರೂ ಸರಿ ಕಂಡಿತಲ್ಲ!"

"ಎಂತ ವಾದ? ಇಲ್ಲಿ ಬಾಯಿ ಮುಚ್ಚಿಸಿದರೆ ನೀವು ಮನೆಗೆ ಬಂದು ತೆರೆಯುವುದಲ್ವಾ? ಆಮೇಲೆ ನಾನು ಯಾವ ರಾಜ್ಯಕ್ಕೆ ಹೋಗುವುದು?"